ಅಭಿಲೇಖ್ ಪಟಲ್: ಯರವಡಾಕ್ಕೆ ಒಯ್ದ ಹುಡುಗನ ಜಾಡು ಹಿಡಿಯುವವರಿಗೆ

ಮುತ್ತಜ್ಜನ ತಮ್ಮನನ್ನು ಸಣ್ಣವನಿದ್ದಾಗಲೇ ಪೊಲೀಸರು ಪುಣೆಯ ಯರವಡಾದ ಸುಧಾರಣಾ ಶಾಲೆಗೆ ಒಯ್ದಿದ್ದರಂತೆ ಎಂಬ ಮಾತು ನಿಮ್ಮ ಮನೆಯಲ್ಲಿ ಉಳಿದಿದ್ದರೆ, ಹುಡುಕಾಟ ಶುರು ಮಾಡಲು ರಾಷ್ಟ್ರೀಯ ಪತ್ರಾಗಾರದ 'ಅಭಿಲೇಖ್ ಪಟಲ್' ಜಾಲತಾಣ ಒಳ್ಳೆಯ ಜಾಗ. ನೋಂದಣಿ ಮಾಡಿಕೊಂಡರೆ ಸಾಕು, ಸ್ಕ್ಯಾನ್ ಆದ ಕಡತಗಳನ್ನು ಪುಕ್ಕಟೆ ಓದಬಹುದು.

ಹುಡುಕಾಟ ಕೆಡುವುದು ಹೆಚ್ಚಾಗಿ ಊರ ಹೆಸರಿನಿಂದ. ಬೆಳಗಾವಿ, ವಿಜಯಪುರ ಎಂದು ಇಂದಿನ ರೂಪದಲ್ಲಿ ಟೈಪ್ ಮಾಡಿದರೆ ಹಳೆಯದೇನೂ ಸಿಗದು; ಬೆಲ್ಗಾಂ, ಬಿಜಾಪುರ್, ಧಾರವಾರ್ ಎಂಬ ಆ ಕಾಲದ ಇಂಗ್ಲಿಷ್ ಕಾಗುಣಿತವೇ ಬೇಕು. 1885ಕ್ಕೆ ಮೊದಲು ಬಿಜಾಪುರದ ಕಡೆಯ ಜಿಲ್ಲಾ ಕೇಂದ್ರ ಇದ್ದದ್ದು ಕಲಾದಗಿಯಲ್ಲಿ. ಹಾಗಾಗಿ ಬಾಗಲಕೋಟೆ, ಬಾದಾಮಿ ಕಡೆಯ ಹಳೆಯ ಪ್ರಕರಣಕ್ಕೆ ಕಲಾದಗಿ ಎಂದೂ ಹಾಕಿ ನೋಡಿ. ಮುಧೋಳ, ಜಮಖಂಡಿ ಸಂಸ್ಥಾನಗಳಾಗಿದ್ದವು. ಅಲ್ಲಿಯ ಹುಡುಗನಾದರೆ ಗೃಹ ಇಲಾಖೆ ಬಿಟ್ಟು ವಿದೇಶಾಂಗ ಮತ್ತು ರಾಜಕೀಯ ಇಲಾಖೆಯತ್ತ ತಿರುಗಬೇಕು.

ಎರಡನೆಯದು ಹುಡುಗನ ವಯಸ್ಸು. ಶಿಕ್ಷೆಯಾದ ಹುಡುಗರನ್ನು ಜೈಲಿನ ಬದಲು ಸುಧಾರಣಾ ಶಾಲೆಗೆ ಕಳಿಸುವ ರಿಫಾರ್ಮೇಟರಿ ಕಾಯ್ದೆ ಮೊದಲು ಬಂದದ್ದು 1876ರಲ್ಲಿ. ಅದರ ಜಾಗಕ್ಕೆ 1897ರ ಕಾಯ್ದೆ ಬಂತು. ಇದರ ಪ್ರಕಾರ ಶಿಕ್ಷೆಯಾದಾಗ 15 ತುಂಬದ ಗಂಡುಹುಡುಗನನ್ನು 3ರಿಂದ 7 ವರ್ಷ ಶಾಲೆಯಲ್ಲಿ ಇಡಬಹುದಿತ್ತು. 18 ತುಂಬಿದ ಮೇಲೆ ಇಡುವಂತಿರಲಿಲ್ಲ. ಅಂದರೆ 14ಕ್ಕೆ ಹೋದವನಿಗೆ ಹೆಚ್ಚೆಂದರೆ 4 ವರ್ಷ. ವಯಸ್ಸೆಷ್ಟೆಂದು ವಿಚಾರಿಸಿ ಬರೆಯುವ ಹೊಣೆ ಕೋರ್ಟಿನದು. ಜನನ ದಾಖಲೆಯೇ ಇಲ್ಲದ ಮನೆಯ ಹುಡುಗನಿಗೆ ಅದು ಅಂದಾಜು ಮಾತ್ರ, ಆದ್ದರಿಂದ ಮನೆಯವರು ಹೇಳುವ ವಯಸ್ಸಿಗೂ ಕಾಗದಕ್ಕೂ ಒಂದೆರಡು ವರ್ಷ ಆಚೀಚೆ ಇರಬಹುದೆಂದೇ ಹುಡುಕಿ. ಹದಿನಾರು ದಾಟಿದವನಾದರೆ 1929ರ ಮುಂಬಯಿ ಬೋರ್ಸ್ಟಲ್ ಕಾಯ್ದೆಯಡಿ ಧಾರವಾಡದ ಬೋರ್ಸ್ಟಲ್ ಶಾಲೆ (ಹರೆಯದ ಅಪರಾಧಿಗಳನ್ನು ತಿದ್ದಲೆಂದು ಇಡುತ್ತಿದ್ದ ಶಾಲೆ) ಸೇರಿರಬಹುದು. ಮನೆತನವನ್ನೇ 'ಅಪರಾಧಿ ಬುಡಕಟ್ಟು' ಎಂದು ಪಟ್ಟಿಗೆ ಸೇರಿಸಿದ್ದರೆ ಮಗು ಏನೂ ತಪ್ಪು ಮಾಡಿರಬೇಕಿರಲಿಲ್ಲ. 1924ರ ಅಪರಾಧಿ ಬುಡಕಟ್ಟು ಕಾಯ್ದೆ 6ರಿಂದ 18 ವರ್ಷದವರನ್ನು ತಂದೆತಾಯಿಯಿಂದ ಬಿಡಿಸಿ ಶಾಲೆಗೆ ಹಾಕಲು ಬಿಡುತ್ತಿತ್ತು. ಬಿಜಾಪುರ, ಗದಗ, ಹುಬ್ಬಳ್ಳಿಯ ಸೆಟ್ಲಮೆಂಟುಗಳ (ಇಂಥ ಮನೆತನಗಳನ್ನು ಕಾವಲಿನಲ್ಲಿ ಇಡುತ್ತಿದ್ದ ವಸತಿಗಳ) ಕಾಗದ ಓದುವಾಗ ಈ ಕಲಮು ನೆನಪಿರಲಿ. ಎದೆ ಹಿಂಡುವ ಓದು ಅದು.

ಕಡತ ತೆರೆದಾಗ ಶೀರ್ಷಿಕೆಯಲ್ಲಿ ಇಲಾಖೆ, ಶಾಖೆ (ನಮಗೆ ಬೇಕಾದದ್ದು 'ಜೈಲ್ಸ್'), ತಿಂಗಳು, ವರ್ಷ, ಸಂಖ್ಯೆ, ಕೊನೆಗೆ ಎ ಅಥವಾ ಬಿ ಎಂಬ ಅಕ್ಷರ ಇರುತ್ತದೆ. 'ಎ' ಎಂದರೆ ಅಚ್ಚಾದದ್ದು, ಓದಲು ಸಲೀಸು. 'ಬಿ'ಯಲ್ಲಿ ಕೈಬರಹವೇ ಹೆಚ್ಚು; ಶಾಯಿ ಹಿಂದಿನ ಪುಟಕ್ಕೆ ಇಳಿದಿದ್ದರೆ ಸ್ಕ್ಯಾನನ್ನು ಹಿಗ್ಗಿಸಿ ಒಂದೊಂದೇ ಸಾಲು ಬಿಡಿಸಬೇಕು. 'ಕೆ.ಡಬ್ಲ್ಯೂ.' ಎಂದು ಗುರುತಿರುವ ಹಾಳೆಗಳನ್ನು ದಾಟಿಕೊಂಡು ಹೋಗಬೇಡಿ. ಕಡತದ ಜೊತೆಗಿಡಿ ಎಂದು ಅದರ ಅರ್ಥ. ಅಧಿಕಾರಿಗಳು ತಮ್ಮತಮ್ಮಲ್ಲಿ ವಾದಿಸಿದ ಟಿಪ್ಪಣಿಗಳು ಸಿಗುವುದು ಅಲ್ಲೇ.

ಆದರೆ ಇಲ್ಲಿರುವುದು ಕೇಂದ್ರ ಸರ್ಕಾರದ ಕಾಗದ. ಕಾಯ್ದೆಯ ಚರ್ಚೆ, ಪ್ರಾಂತಗಳಿಂದ ಬಂದ ವರದಿ ಸಿಕ್ಕೀತು. ಹುಡುಗನ ಹೆಸರು ಸಿಗುವುದು ಅಪರೂಪ. ನಮ್ಮ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದುದರಿಂದ ಆ ಸರ್ಕಾರದ ನ್ಯಾಯಾಂಗ ಇಲಾಖೆಯ ಸಂಪುಟಗಳು ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಮಹಾರಾಷ್ಟ್ರ ಪತ್ರಾಗಾರದಲ್ಲಿವೆ. ಬೆಳಗಾವಿಯಿಂದ ರಾತ್ರಿ ಬಸ್ಸು ಹತ್ತುವ ಮೊದಲು ಪಟಲ್‌ನಲ್ಲಿ ಸಿಕ್ಕ ಪ್ರತಿ ಪತ್ರದ ಮುಂಬಯಿ ಸರ್ಕಾರದ ಪತ್ರ ಸಂಖ್ಯೆ, ತಾರೀಖು ಬರೆದುಕೊಳ್ಳಿ. ಅಲ್ಲಿಯ ಸಂಪುಟ ಕೇಳಿ ತರಿಸಲು ಅದೇ ಆಧಾರ.