ಕಾಚಂಪುಳಿ ಬಾಟಲಿ, ಕಕ್ಕಡದ ಮಳೆ ಮತ್ತು ಪ್ಲಾಸ್ಟಿಕ್ ಇಲ್ಲದ ಪಾರ್ಸಲ್

ನಮ್ಮ ಕೊಡಗಿನ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ಗೆ ಇನ್ನು ನಾಲ್ಕು ದಿನ ಅನ್ನುವಾಗ ಬೆಂಗಳೂರಿನಿಂದ ಒಂದು ಫೋಟೋ ಬಂತು. ರಟ್ಟಿನ ಪೆಟ್ಟಿಗೆ, ಅಡಿಭಾಗ ಪೂರ್ತಿ ಕಪ್ಪು, ಶಾಯಿ ದೌತಿ ಉರುಳಿಸಿದ ಹಾಗೆ. ಕೆಳಗೆ ಒಂದು ಸಾಲು: 'ಪಂದಿ ಕರಿಗೆ ಈ ಸಲ ನಿಂಬೆಹಣ್ಣೇ ಗತಿ, ಅಕ್ಕ.'

ಅದು ನಾನು ಹೆಮ್ಮೆಯಿಂದ ಪ್ಲಾಸ್ಟಿಕ್ ಇಲ್ಲದೆ ಕಟ್ಟಿ ಕಳಿಸಿದ ಮೊದಲ ಪಾರ್ಸಲ್‌ಗಳಲ್ಲಿ ಒಂದು. ಒಂದು ಬಾಟಲಿ ಹೋಯಿತು, ಅದರೊಳಗಿನ ಕಾಚಂಪುಳಿ, ಅಂದರೆ ಹಂದಿ ಮಾಂಸದ ಪಂದಿ ಕರಿಗೆ ಹಾಕುವ ಕಪ್ಪು ಹುಳಿರಸ, ಹೋಯಿತು, ಬದಲಿಗೆ ಇನ್ನೊಂದು ಪೆಟ್ಟಿಗೆ ಮತ್ತೆ ಅಷ್ಟೇ ದೂರ ಲಾರಿ ಹತ್ತಿತು. ಪರಿಸರಕ್ಕೆ ನಾನು ಮಾಡಿದ ಉಪಕಾರ ಇಷ್ಟು. ಅವತ್ತೇ ಅಂದುಕೊಂಡೆ, ಇನ್ನು ಮೇಲೆ ಸುಮ್ನೆ ಯಾರೋ ಹೇಳಿದರು ಅಂತ ಬದಲಾಯಿಸುವುದು ಬೇಡ, ಒಂದೊಂದನ್ನೂ ಮನೆಯಲ್ಲೇ ಬೀಳಿಸಿ ನೋಡೋಣ ಅಂತ.

ನಮ್ಮದು ಗೋಣಿಕೊಪ್ಪದ ಹತ್ತಿರ ಮನೆಯಿಂದಲೇ ನಡೆಯುವ ಸಣ್ಣ ವ್ಯಾಪಾರ. ಕಾಚಂಪುಳಿ, ಜೇನು, ಕರಿಮೆಣಸು, ಕಾಫಿಪುಡಿ. ತೊಂದರೆ ಎಲ್ಲ ಮೊದಲನೆಯದರದ್ದು. ಹಣ್ಣು ಉದುರುವುದೇ ಮಳೆಗಾಲದಲ್ಲಿ. ಬುಟ್ಟಿಯಲ್ಲಿಟ್ಟು, ಇಳಿದ ರಸವನ್ನು ಕಾಯಿಸಿ ಕಾಯಿಸಿ ಕಪ್ಪಗೆ ಮಾಡಿ ಬಾಟಲಿಗೆ ತುಂಬುವ ಹೊತ್ತಿಗೆ ಸೆಪ್ಟೆಂಬರ್ 3ರ ಹಬ್ಬ ಬಂದೇಬಿಟ್ಟಿರುತ್ತದೆ. ಅಂದರೆ ಜಾಸ್ತಿ ಆರ್ಡರ್ ಬರುವುದು ಹೊರಗೆ ಒಂದು ಬಟ್ಟೆಯೂ ಒಣಗದ ದಿನಗಳಲ್ಲೇ. ಅದೂ ಗಾಜಿನ ಬಾಟಲಿ. ಕಾಚಂಪುಳಿಯಂಥ ಹುಳಿಯನ್ನು ತಿಂಗಳುಗಟ್ಟಲೆ ಪ್ಲಾಸ್ಟಿಕ್‌ನಲ್ಲಿ ಇಡಲು ನನಗೆ ಮನಸ್ಸಿಲ್ಲ.

ಪರೀಕ್ಷೆಗೆ ಬಾಟಲಿಗೆ ನೀರು ತುಂಬಿದೆ. ಪಾರ್ಸಲ್ ಪರೀಕ್ಷೆ ಮಾಡುವವರದ್ದೇ ಒಂದು ಲೆಕ್ಕ ಇದೆ: ಒಂದು ಮೂಲೆ, ಮೂರು ಅಂಚು, ಆರು ಮುಖ, ಒಟ್ಟು 10 ಸಲ, ಸಣ್ಣ ಪೆಟ್ಟಿಗೆಯಾದರೆ 76 ಸೆಂಟಿಮೀಟರ್ ಎತ್ತರದಿಂದ. ನಮ್ಮ ಊಟದ ಮೇಜು ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಲ್ಲಿಂದ ಸಿಮೆಂಟ್ ನೆಲಕ್ಕೆ ಬೀಳಿಸುತ್ತಾ ಹೋದೆ. ಅತ್ತೆ ಎರಡು ದಿನ ನನ್ನನ್ನು ಒಂಥರಾ ನೋಡಿದರು.

ಬಬಲ್ ರ‍್ಯಾಪ್ ಬಗ್ಗೆ ಮೊದಲು ನ್ಯಾಯವಾಗಿ ಮಾತಾಡಬೇಕು. ಎರಡು ಸುತ್ತು ಸುತ್ತಿ, 10 ಸಲ ಬೀಳಿಸಿದರೂ ಬಾಟಲಿಗೆ ಗೀರೂ ಬೀಳಲಿಲ್ಲ. ಅಗ್ಗ, ಹಗುರ, ನೀರಿಗೆ ಹೆದರುವುದಿಲ್ಲ. ಆದರೆ ತೆರೆದ ಮೇಲೆ ಏನು ಮಾಡೋದು? ಮಕ್ಕಳು ಒಂದು ಗಳಿಗೆ ಪಟಪಟ ಒಡೆಯುತ್ತಾರೆ, ಆಮೇಲೆ ಕಸದ ಬುಟ್ಟಿ. ನಮ್ಮೂರ ಗುಜರಿಯವರು ರಟ್ಟನ್ನು ತೂಕಕ್ಕೆ ತೆಗೆದುಕೊಳ್ಳುತ್ತಾರೆ, ಇದನ್ನು ಕೈಯಲ್ಲೂ ಮುಟ್ಟುವುದಿಲ್ಲ. ತೋಟದ ಬೇಲಿಯಲ್ಲಿ ಸಿಕ್ಕಿಕೊಂಡ ತುಂಡು ಮೂರು ವರ್ಷವಾದರೂ ಅಲ್ಲೇ ಇದೆ.

ಅದರ ಜಾಗಕ್ಕೆ ಬಂದದ್ದು ಜೇನುಗೂಡಿನ ಕಾಗದ. ಚಪ್ಪಟೆ ಸುರುಳಿಯಾಗಿ ಬರುತ್ತದೆ, ಎಳೆದರೆ ಆರು ಮೂಲೆಯ ಕಣ್ಣುಗಳು ತೆರೆದು ಉಬ್ಬುತ್ತದೆ. ನೋಡಲು ಚಂದ, ಗಿರಾಕಿಗಳು ಫೋಟೋ ತೆಗೆದು ಹಾಕುತ್ತಾರೆ. ಒಂದೇ ಸುತ್ತು ಸುತ್ತಿದಾಗ ಮೂಲೆ ಮೇಲೆ ಬಿದ್ದ ಮೊದಲ ಏಟಿಗೇ ಬಾಟಲಿಯ ಕುತ್ತಿಗೆ ಹೋಯಿತು. ಆ ಕಪ್ಪು ಪೆಟ್ಟಿಗೆಯಲ್ಲೂ ನಾನು ಒಂದೇ ಸುತ್ತು ಸುತ್ತಿದ್ದೆ. ಮೂರು ಸುತ್ತು ಸುತ್ತಿ, ಕುತ್ತಿಗೆಗೆ ಬೇರೆ ಒಂದು ಪಟ್ಟಿ ಕಟ್ಟಿದಾಗ 10ಕ್ಕೆ 10 ಪಾಸು. ಆದರೆ ಖರ್ಚು ಬಬಲ್ ರ‍್ಯಾಪ್‌ನ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ಕಾಗದವೂ ಪುಕ್ಕಟೆ ಅಲ್ಲ. ಮರ, ನೀರು, ಕರೆಂಟು ಎಲ್ಲ ಬೇಕು. ಕಾಗದ ಅಂದ ತಕ್ಷಣ ಪುಣ್ಯ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಾಗುವುದಿಲ್ಲ.

ಹಾಗಾದರೆ ತೋಟದಲ್ಲೇ ಸಿಗುವುದನ್ನು ಬಳಸಿದರೆ? ಇಲ್ಲಿ ನನಗೆ ಆಸೆ ಜಾಸ್ತಿ ಇತ್ತು, ಸೋತದ್ದೂ ಇಲ್ಲೇ ಜಾಸ್ತಿ. ಕಾಫಿ ಹೊಟ್ಟನ್ನು ಕಾಗದದ ಚೀಲಗಳಲ್ಲಿ ತುಂಬಿ ಸಣ್ಣ ದಿಂಬು ಮಾಡಿದೆ. ಪೆಟ್ಟಿಗೆ ತೆರೆದರೆ ಹಿತವಾದ ವಾಸನೆ, ಆಮೇಲೆ ಗಿಡದ ಬುಡಕ್ಕೆ ಹಾಕಬಹುದು. ಆರು ಸಲ ತಡೆಯಿತು. ಏಳನೆಯದಕ್ಕೆ ಠಣ್. ಬಿಚ್ಚಿ ನೋಡಿದರೆ ಹೊಟ್ಟು ಒಂದು ಮೂಲೆಗೆ ಸರಿದಿತ್ತು, ಭಾರದ ಬಾಟಲಿ ಮೆಲ್ಲಗೆ ತಳಕ್ಕೆ ಇಳಿದು ರಟ್ಟಿಗೆ ತಾಗಿ ಕೂತಿತ್ತು. ನೆಲಕ್ಕೆ ಬೀಳಿಸದಿದ್ದರೂ ಹುಣಸೂರು ದಾಟುವಷ್ಟರಲ್ಲಿ ಲಾರಿಯ ಕುಲುಕಾಟಕ್ಕೇ ಹೀಗಾಗುತ್ತಿತ್ತು. ಸಡಿಲವಾಗಿ ಹರಿಯುವ ಯಾವುದನ್ನೂ ಭಾರದ ಬಾಟಲಿಗೆ ನಂಬಬಾರದು. ಮೆಣಸಿನ ಪೊಟ್ಟಣಕ್ಕಾದರೆ ಪರವಾಗಿಲ್ಲ, ಆದರೆ ಮೆಣಸಿಗೆ ಏನೂ ಇಲ್ಲದಿದ್ದರೂ ನಡೆಯುತ್ತದೆ ಅಲ್ವಾ.

ಬೈಹುಲ್ಲು ಬಲವಾಗಿ ನಿಂತಿತು, 10ಕ್ಕೆ 10. ನಮ್ಮಜ್ಜಿ ಕೋಳಿಮೊಟ್ಟೆಯನ್ನು ಹುಲ್ಲಿನಲ್ಲಿಟ್ಟೇ ನೆಂಟರ ಮನೆಗೆ ಒಯ್ಯುತ್ತಿದ್ದಳು, ತಪ್ಪಿದ್ದಲ್ಲ. ಆದರೆ ಜುಲೈ ತಿಂಗಳ ಹುಲ್ಲು ಮುಟ್ಟಿದರೆ ತಣ್ಣಗೆ. ಒಂದು ವಾರ ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಬಿಳಿ ಬೂಷ್ಟು, ಜೊತೆಗೆ ಓಡಾಡುವ ಎರಡು ಸಣ್ಣ ಹುಳ. ತಿನ್ನುವ ಸಾಮಾನಿನ ಜೊತೆ ಅದನ್ನು ಹೇಗೆ ಕಳಿಸುವುದು? ವಿದೇಶದ ಪಾರ್ಸಲ್‌ಗಂತೂ ಕೇಳಲೇಬೇಡಿ, ಹುಳ, ರೋಗದ ಭಯಕ್ಕೆ ಹುಲ್ಲನ್ನು ಗಡಿಯಲ್ಲೇ ತಡೆಯುವ ದೇಶಗಳಿವೆ. ಅಡಿಕೆ ಹಾಳೆಯನ್ನೂ ನೆನೆಸಿ ಬಾಟಲಿಗೆ ಸುತ್ತಿ ಒಣಗಿಸಿ ನೋಡಿದೆ. ಗಟ್ಟಿ ಚಿಪ್ಪಿನ ಹಾಗೆ ಆಗುತ್ತದೆ, ನೋಡಿ ಖುಷಿಪಡಬಹುದು. ಆದರೆ ಚಿಪ್ಪು ಏಟನ್ನು ಹೀರುವುದಿಲ್ಲ, ಹಾಗೇ ಗಾಜಿಗೆ ದಾಟಿಸುತ್ತದೆ. ಎರಡನೇ ಏಟಿಗೇ ಮುಗಿಯಿತು.

ಗೆದ್ದದ್ದು ಯಾವುದು ಅಂದರೆ ಪೇಟೆಯ ದಿನಸಿ ಅಂಗಡಿಯ ಹಿಂದೆ ಬಿದ್ದಿರುವ ಹಳೆ ರಟ್ಟು. ಬಿಸ್ಕೆಟಿನದು, ಸೋಪಿನದು. ಒಂದಂಗುಲ ಅಗಲದ ಪಟ್ಟಿ ಕತ್ತರಿಸಿ, ಅಕಾರ್ಡಿಯನ್ ಹಾಗೆ ಮಡಚಿ, ಬಾಟಲಿ ಸುತ್ತ ಬಿಗಿಯಾಗಿ ತುರುಕುವುದು. ಬಾಟಲಿಗೆ ನೇರ ತಾಗುವ ಕಡೆ ಮಾತ್ರ ಒಂದು ಸುತ್ತು ಜೇನುಗೂಡಿನ ಕಾಗದ. ಪೆಟ್ಟಿಗೆ ಅಲ್ಲಾಡಿಸಿದರೆ ಒಳಗೆ ಸದ್ದೇ ಬರಬಾರದು, ಅದೇ ಅಳತೆ. 10ಕ್ಕೆ 10 ಪಾಸು, ಎರಡು ಸಲ ಮಾಡಿ ನೋಡಿದೆ. ದುಡ್ಡು ಇಲ್ಲ, ಕೈಕೆಲಸ ಇದೆ: ಬಬಲ್ ರ‍್ಯಾಪ್‌ಗೆ ಒಂದು ನಿಮಿಷವಾದರೆ ಇದಕ್ಕೆ ನಾಲ್ಕು. ಹಬ್ಬದ ವಾರದಲ್ಲಿ ಆ ನಾಲ್ಕು ನಿಮಿಷ ದೊಡ್ಡದು, ಅದಕ್ಕೇ ಏಪ್ರಿಲ್, ಮೇನಲ್ಲೇ ಪಟ್ಟಿ ಕತ್ತರಿಸಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಒಣಗಿರುತ್ತದೆ. ಒಬ್ಬರು ಮಾತ್ರ ಜೇನು ಹೊಗೆ ವಾಸನೆ ಬರುತ್ತಿದೆ ಅಂದರು. ಜೇನಲ್ಲ, ಪೆಟ್ಟಿಗೆ.

ಟೇಪ್ ವಿಷಯಕ್ಕೆ ಬಂದರೆ, ಕಂದು ಬಣ್ಣದ ಪ್ಲಾಸ್ಟಿಕ್ ಟೇಪ್‌ಗೂ ನೀರು ಸವರಿ ಅಂಟಿಸುವ ಕಾಗದದ ಟೇಪ್‌ಗೂ ಜಿದ್ದಾಜಿದ್ದಿ. ಎರಡನೆಯದರ ಅಂಟು ಗಂಜಿಯದು. ಒದ್ದೆಯಾದಾಗ ರಟ್ಟಿನ ನಾರಿನೊಳಗೆ ಇಳಿದು ಕೂರುತ್ತದೆ, ಆಮೇಲೆ ಕಿತ್ತರೆ ರಟ್ಟೇ ಕಿತ್ತು ಬರುತ್ತದೆ. ಯಾರಾದರೂ ನಡುವೆ ಬಿಚ್ಚಿದ್ದರೆ ಗೊತ್ತಾಗುತ್ತದೆ, ಗುಜರಿಗೆ ಪೆಟ್ಟಿಗೆ ಹಾಗೇ ಹಾಕಬಹುದು. ಪ್ಲಾಸ್ಟಿಕ್ ಟೇಪ್ ಮೂರು ಪಟ್ಟಿ ಬೇಕಾದಲ್ಲಿ ಇದು ಒಂದು ಸಾಕು. ನನಗೆ ಇದೇ ಇಷ್ಟ. ಆದರೆ ಜುಲೈ, ಆಗಸ್ಟ್ ಮಳೆಯ ಕಕ್ಕಡ ತಿಂಗಳಲ್ಲಿ ಒಂದು ಬೆಳಗ್ಗೆ ಸುರುಳಿ ಎತ್ತಿಕೊಂಡರೆ ಬಿಚ್ಚುತ್ತಲೇ ಇಲ್ಲ. ಹವೆಯ ತೇವ ಕುಡಿದು ಇಡೀ ಸುರುಳಿ ತನಗೆ ತಾನೇ ಅಂಟಿ ಮರದ ತುಂಡಿನ ಹಾಗೆ ಆಗಿತ್ತು. ಈಗ ಅದು ಬಿಸ್ಕೆಟ್ ಡಬ್ಬಿಯಲ್ಲಿ, ಒಂದು ಹಿಡಿ ಹುರಿದ ಅಕ್ಕಿಯ ಪೊಟ್ಟಣದ ಜೊತೆ ಇರುತ್ತದೆ.

ಇನ್ನು ಹೊರಗಿನ ಕವರ್. ನಾನು ಇನ್ನೂ ಪೂರ್ತಿ ಗೆದ್ದಿಲ್ಲದ ಜಾಗ ಇದು. ರಟ್ಟಿಗೆ ನೀರು ಬಿದ್ದೇ ಹಾಳಾಗಬೇಕು ಅಂತಿಲ್ಲ, ಬರೀ ಗಾಳಿಯ ತೇವಕ್ಕೇ ಅದರ ಬಲ ಅರ್ಧಕ್ಕೆ ಇಳಿಯಬಹುದು. ಪಾರ್ಸಲ್ ಎತ್ತಲು ಬರುವ ಹುಡುಗ ಬಾಗಿಲಲ್ಲೇ ಹೇಳಿದ: 'ಅಕ್ಕಾ, ಬೈಕಲ್ಲಿ ತಗೊಂಡು ಹೋಗೋದು. ಕವರ್ ಹಾಕಿಲ್ಲ ಅಂದ್ರೆ ಪೇಟೆ ಮುಟ್ಟೋವಾಗ ಮುದ್ದೆ ಆಗಿರ್ತದೆ.'

ಮೊದಲು ಗೊಬ್ಬರವಾಗುವ ಕವರ್ ತರಿಸಿದೆ, ಮಾಮೂಲಿ ಕವರಿನ ನಾಲ್ಕು ಪಟ್ಟು ಬೆಲೆಗೆ. ಮೇ ತಿಂಗಳಲ್ಲಿ ಒಂದನ್ನು ತೋಟದ ಗೊಬ್ಬರ ಗುಂಡಿಗೆ ಹಾಕಿ ಗೂಟ ನೆಟ್ಟೆ. ವರ್ಷದ ಕೊನೆಗೆ ಬರುವ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ ತೋಡಿ ನೋಡಿದರೆ ಕವರ್ ಹಾಗೇ ಇದೆ, ಬಣ್ಣ ಸ್ವಲ್ಪ ಮಾಸಿ ಎರಡು ಕಡೆ ಹರಿದಿದೆ ಅಷ್ಟೆ. ಇಂಥವು ಕರಗಬೇಕಾದರೆ ದೊಡ್ಡ ಗೊಬ್ಬರ ಘಟಕದಲ್ಲಿ ಸುಮಾರು 58 ಡಿಗ್ರಿ ಬಿಸಿ ವಾರಗಟ್ಟಲೆ ನಿಲ್ಲಬೇಕು. ನಮ್ಮ ಮಳೆಗಾಲದ ಗುಂಡಿ ಎಮ್ಮೆ ಮಲಗುವಷ್ಟು ತಣ್ಣಗಿರುತ್ತದೆ. ಕೊಳ್ಳುವವರು ಐಎಸ್ 17088 ಗುರುತು, ಅಂದರೆ ಗೊಬ್ಬರವಾಗುವ ಪ್ಲಾಸ್ಟಿಕ್‌ಗೆ ಇರುವ ಭಾರತದ ಮಾನಕದ ಗುರುತು, ನೋಡಿ ಕೊಳ್ಳಿ. ಬರೀ 'ಬಯೋ' ಅಂತ ಹಸಿರು ಎಲೆ ಚಿತ್ರ ಇದ್ದರೆ ಅದು ಚಿತ್ರ ಮಾತ್ರ. ಗುರುತು ಇದ್ದರೂ ಗಿರಾಕಿಯ ಊರಲ್ಲಿ ಅಂಥ ಘಟಕ ಇಲ್ಲದಿದ್ದರೆ ಅದು ಸೇರುವುದು ಕಸದ ರಾಶಿಯನ್ನೇ.

ಹಾಗಾಗಿ ಈಗ ಎರಡು ಪದ್ಧತಿ. ನವೆಂಬರ್‌ನಿಂದ ಮೇ ತನಕ ಪೆಟ್ಟಿಗೆಗೆ ಕವರೇ ಇಲ್ಲ, ವಿಳಾಸ ನೇರ ರಟ್ಟಿನ ಮೇಲೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಒಂದು ತೆಳು ಪ್ಲಾಸ್ಟಿಕ್ ಕವರ್, ಅದೂ ಒಮ್ಮೆ ಕರಗಿಸಿ ಮತ್ತೆ ಮಾಡಿದ್ದು. ನಾಚಿಕೆಯಿಲ್ಲದೆ ಹಾಕುತ್ತೇನೆ. ಬೆಂಗಳೂರು, ಮೈಸೂರಿನ ಪಾರ್ಸಲ್‌ಗಳನ್ನು ಆದಷ್ಟು ಬಸ್ಸಿಗೇ ಹಾಕುತ್ತೇನೆ, ಒಂದೇ ರಾತ್ರಿಯಲ್ಲಿ ಮುಟ್ಟಿದರೆ ನೆನೆಯುವ ಅವಕಾಶ ಕಡಿಮೆ.

ಇಷ್ಟೆಲ್ಲ ಗುದ್ದಾಡಿದ ಮೇಲೆ ಗೊತ್ತಾದ ತಮಾಷೆ ಏನೆಂದರೆ, ಎಲ್ಲಕ್ಕಿಂತ ಜಾಸ್ತಿ ಉಳಿಸಿದ್ದು ಇವ್ಯಾವುದೂ ಅಲ್ಲ, ಸಣ್ಣ ಪೆಟ್ಟಿಗೆ. ಮೊದಲು ಎಲ್ಲಕ್ಕೂ ಒಂದೇ ಅಳತೆ ಇಟ್ಟಿದ್ದೆ: 30, 25, 20 ಸೆಂಟಿಮೀಟರ್. ಕೊರಿಯರಿನವರು ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸುತ್ತಾರೆ, ಬಂದದ್ದು ನಿಜವಾದ ತೂಕಕ್ಕಿಂತ ಜಾಸ್ತಿಯಾದರೆ ಅದಕ್ಕೇ ದುಡ್ಡು. ಅದು 3 ಕಿಲೋ ಬರುತ್ತದೆ. ಒಳಗಿದ್ದದ್ದು 1.2 ಕಿಲೋ. ಉಳಿದ ಗಾಳಿಗೆ ನಾನು ಬಾಡಿಗೆ ಕಟ್ಟುತ್ತಿದ್ದೆ, ಆ ಗಾಳಿಯನ್ನು ತುಂಬಲು ಬಬಲ್ ರ‍್ಯಾಪ್ ಬೇರೆ. ಈಗ ಎರಡು ಬಾಟಲಿಗೆ 22, 16, 14ರ ಪೆಟ್ಟಿಗೆ. ಲೆಕ್ಕ 1 ಕಿಲೋದ ಒಳಗೆ ಬರುವುದರಿಂದ ನಿಜವಾದ ತೂಕಕ್ಕೇ ದುಡ್ಡು. ತುಂಬುವ ರಟ್ಟೂ ಕಾಲುಭಾಗ ಸಾಕು.

ಕಾಫಿಪುಡಿಯ ಕವರ್ ಮಾತ್ರ ಬದಲಾಯಿಸಿಲ್ಲ. ಕಾಗದದ್ದು ಅಂತ ತಂದ ಪೊಟ್ಟಣದ ಒಳಗೆ ಪ್ಲಾಸ್ಟಿಕ್ ಪದರ ಇದ್ದೇ ಇತ್ತು, ಬರೀ ಕಾಗದದ್ದರಲ್ಲಿ ಪುಡಿ ಹತ್ತು ದಿನಕ್ಕೆ ಸಪ್ಪೆ.

ಮೈಸೂರಿನ ಒಬ್ಬ ಆಂಟಿ ಖಾಲಿ ಬಾಟಲಿಗಳನ್ನು ಅದೇ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕಿ ವಾಪಸ್ ಕಳಿಸುತ್ತಾರೆ. ಆ ಪೆಟ್ಟಿಗೆ ಮೊನ್ನೆ ನಾಲ್ಕನೇ ಸಲ ಬಂತು. ಮೂಲೆಗಳು ಮೆತ್ತಗಾಗಿವೆ, ಹಳೆಯ ವಿಳಾಸಗಳ ಮೇಲೆ ಹೊಸ ವಿಳಾಸ. ಸಂದಿಗೆ ಮೊಮ್ಮಗನ ಹಳೆ ನೋಟ್‌ಬುಕ್ಕಿನ ಹಾಳೆ ಮುದುಡಿ ತುರುಕಿದ್ದರು. ಬಾಟಲಿಗಳನ್ನು ಕುದಿಸಲು ಹಾಕಿ, ಹಾಳೆಗಳನ್ನು ಬಿಡಿಸಿ ಮುಂದಿನ ಪಾರ್ಸಲ್‌ಗೆ ತೆಗೆದಿಟ್ಟೆ. ಒಂದರಲ್ಲಿ ಏಳರ ಮಗ್ಗಿ ಇತ್ತು. ಏಳೆಂಟ್ಲ 54 ಅಂತ ತಪ್ಪಾಗಿ ಬರೆದಿದ್ದರೂ ಟೀಚರ್ ಕೆಂಪು ಪೆನ್ನಲ್ಲಿ ಸರಿ ಗುರುತು ಹಾಕಿದ್ದರು.