ವ್ಯಾನ್ ಹೋದ ಮೇಲೆ ಪಾಠ: ಏಪ್ರಿಲ್, ಜೂನ್, ದಸರಾ ಮೂರೂ ನೋಡಿದ್ದಾಯ್ತು

ಮಕ್ಕಳನ್ನು ಮನೆಯಲ್ಲೇ ಓದಿಸುತ್ತೇವೆ ಅಂದ ಕೂಡಲೇ ನೆಂಟರು ಕೇಳುವುದು "ಪರೀಕ್ಷೆ ಹೆಂಗೆ?" ಅಂತ. ಹೋಮ್‌ಸ್ಕೂಲಿಂಗ್ ಶುರು ಮಾಡಬೇಕು ಅಂದುಕೊಂಡವರು ಕೇಳುವುದು ಬೇರೆ. "ವರ್ಷ ಯಾವಾಗ ಶುರು ಮಾಡ್ತೀರಿ?" ಇದಕ್ಕೆ ಉತ್ತರ ಕೊಡುವಷ್ಟು ಪೆಟ್ಟು ನಾನು ತಿಂದಿದ್ದೇನೆ. 2022ರಲ್ಲಿ ಜೂನ್‌ಗೆ ಶುರು ಮಾಡಿದೆವು. 2023ರಲ್ಲಿ ಏಪ್ರಿಲ್‌ಗೆ. 2024ರಲ್ಲಿ ದಸರಾ ಮುಗಿಸಿ. ಮೂರೂ ಬೇರೆ ಬೇರೆ ಅನುಭವ.

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ನನ್ನ ತವರು ಪಾಂಡವಪುರದ ಹತ್ತಿರದ ಹಳ್ಳಿ. ಶುರು ಮಾಡಿದಾಗ ಮಗಳಿಗೆ ಏಳು, ಮಗನಿಗೆ ನಾಲ್ಕು. ಇವರು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಾರೆ. ಇದನ್ನು ಯಾಕೆ ಹೇಳಿದೆ ಅಂದರೆ, ಏಪ್ರಿಲ್ ಅವರದೇ ಐಡಿಯಾ.

ಸೋತ ಕಥೆಯನ್ನೇ ಮೊದಲು ಹೇಳಿಬಿಡುತ್ತೇನೆ. "ಎಲ್ಲಾ ಲೆಕ್ಕಾನೂ ಏಪ್ರಿಲ್ 1ಕ್ಕೇ ಅಲ್ವಾ ಶುರುವಾಗೋದು?" ಅಂದರು ಇವರು. ಸಿಬಿಎಸ್‌ಇ ವರ್ಷ ಶುರುವಾಗುವುದೂ ಏಪ್ರಿಲ್‌ನಲ್ಲೇ. ಇನ್ನೊಂದು ಲಾಭವೂ ಇತ್ತು. ಮಾರ್ಚ್ ಕೊನೆಗೆ ಬೀದಿಯ ಮಕ್ಕಳ ಪರೀಕ್ಷೆ ಮುಗಿಯುತ್ತದೆ. ಪುಸ್ತಕಗಳು ರದ್ದಿ ಅಂಗಡಿಗೆ ಹೋಗುವ ಮುಂಚೆ ಕೇಳಿದರೆ ಸುಮ್ನೆ ಕೊಡುತ್ತಾರೆ. ಆ ವರ್ಷ ಮಗಳ ಪುಸ್ತಕಕ್ಕೆ ನಾನು ಒಂದು ರೂಪಾಯಿ ಖರ್ಚು ಮಾಡಲಿಲ್ಲ.

ಏಪ್ರಿಲ್ 3, ಸೋಮವಾರ ಶುರು. ಮೊದಲ ವಾರ ಎಷ್ಟು ಚೆನ್ನಾಗಿ ಹೋಯಿತು ಅಂದರೆ, ಅಮ್ಮನಿಗೆ ಫೋನ್ ಮಾಡಿ ಜಂಭ ಕೊಚ್ಚಿಕೊಂಡೆ. ಎರಡನೇ ವಾರ ರಾಜ್ಯದ ಶಾಲೆಗಳಿಗೆ ಬೇಸಿಗೆ ರಜೆ ಬಂತು. ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಹತ್ತಕ್ಕೆ ಕಿಟಕಿಯ ಕೆಳಗೆ ಕ್ರಿಕೆಟ್. ಮಗನ ಕೈಯಲ್ಲಿ ಪೆನ್ಸಿಲ್, ಕಣ್ಣು ಹೊರಗೆ. ಬಿಸಿಲು ಏರುವ ಮುಂಚೆ ಮುಗಿಸೋಣ ಅಂತ ಆರು ಗಂಟೆಗೆ ಎಬ್ಬಿಸಿದೆ. ಬೀದಿಯ ಮಕ್ಕಳೂ ಬಿಸಿಲಿಗೆ ಹೆದರಿ ಆರೂವರೆಗೇ ಬ್ಯಾಟ್ ಹಿಡಿದು ಬಂದರು! ಆಮೇಲೆ ಮಂಡ್ಯದಿಂದ ಅಣ್ಣನ ಮಕ್ಕಳು ಬಂದರು. ಎರಡು ಮದುವೆ ಬಂದವು. ಎದುರು ಮನೆ ಹುಡುಗಿ ರಂಗಾಯಣದ ಬೇಸಿಗೆ ಶಿಬಿರ ಚಿಣ್ಣರ ಮೇಳಕ್ಕೆ ಹೋಗಿ ಬಂದು ದಿನಾ ಒಂದು ಹಾಡು ಹೇಳುತ್ತಿದ್ದಳು. ನನ್ನ ಮಗಳು ಹೊಟ್ಟೆಕಿಚ್ಚು ಪಡುತ್ತಾ ಗುಣಾಕಾರ ಮಾಡುತ್ತಿದ್ದಳು. ಡೈರಿ ತೆಗೆದು ನೋಡಿದರೆ ಆ ರಜೆ ಮುಗಿಯುವ ತನಕ 'ಪಾಠ ಆಯಿತು' ಅಂತ ಬರೆದಿರುವುದು ಒಂಬತ್ತು ದಿನ ಮಾತ್ರ.

ತಪ್ಪು ಸೆಖೆಯದು ಅಂದುಕೊಂಡಿದ್ದೆ. ಅಲ್ಲ. ಮೊದಲ ವಾರವೂ ಅಷ್ಟೇ ಸೆಖೆ ಇತ್ತು. ಮೇ ಕೊನೆಗೆ ಶಾಲೆ ತೆರೆದ ವಾರವೂ ತಂಪೇನೂ ಆಗಿರಲಿಲ್ಲ. ಆದರೂ ಆ ಸೋಮವಾರ ನಾಲ್ಕು ಶಾಲಾ ವ್ಯಾನುಗಳು ಹಾರ್ನ್ ಹೊಡೆದು ಹೋದ ಮೇಲೆ ಬೀದಿ ಖಾಲಿಯಾಯಿತು. ಮಗ ತಾನೇ ಬಂದು ಚಾಪೆ ಹಾಸಿ ಕೂತ. ನಾನು ಏನೂ ಹೇಳಿರಲಿಲ್ಲ.

ಆಗ ಹಿಂದಿನ ವರ್ಷದ ಜೂನ್ ನೆನಪಾಯಿತು. 2022ರಲ್ಲಿ ಜೂನ್ 1, ಬುಧವಾರ ಶುರು ಮಾಡಿದ್ದೆವು. ಎಲ್ಲವೂ ಸಲೀಸಾಗಿ ಹೋಗಿತ್ತು. ನನ್ನ ಟೈಮ್‌ಟೇಬಲ್‌ನ ಮಹಿಮೆ ಅಂತ ಬೀಗಿದ್ದೆ. ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆ ಬೇರೆ. ನಿಜ ಏನೆಂದರೆ, ಕೊರೊನಾದಲ್ಲಿ ತಪ್ಪಿದ ಪಾಠ ಹಿಡಿಯಲು ಆ ವರ್ಷ ಸರ್ಕಾರ 'ಕಲಿಕಾ ಚೇತರಿಕೆ' ಅಂತ ಮೇ 16ಕ್ಕೇ ಶಾಲೆ ತೆರೆದಿತ್ತು. ನಾವು ಪುಸ್ತಕ ಬಿಚ್ಚುವ ಹೊತ್ತಿಗೆ ಬೀದಿ ಖಾಲಿಯಾಗಿ ಎರಡು ವಾರ ಕಳೆದಿತ್ತು.

ಜೂನ್‌ಗೆ ಇನ್ನೊಂದು ಸುಖ ಇದೆ. ಮೈಸೂರಿನವರಿಗೆ ಅದು ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ಅರಮನೆ, ಮೃಗಾಲಯ ಎರಡೂ ಪ್ರವಾಸಿಗರಿಂದ ತುಂಬಿರುತ್ತವೆ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಜೂನ್‌ನ ಒಂದು ಬುಧವಾರ ಬೆಳಿಗ್ಗೆ ಮೃಗಾಲಯಕ್ಕೆ ಹೋದಾಗ ಜಿರಾಫೆಯ ಮುಂದೆ ನಾವು ಮೂರೇ ಜನ. ಮಗಳು ಅರ್ಧ ಗಂಟೆ ಕೂತು ಚಿತ್ರ ಬರೆದಳು. ಮಂಗಳವಾರ ಮಾತ್ರ ಹೋಗಬೇಡಿ, ರಜೆ. ನಾವು ಒಮ್ಮೆ ಗೇಟಿನ ತನಕ ಹೋಗಿ, ಎಳನೀರು ಕುಡಿದು ವಾಪಸ್ ಬಂದಿದ್ದೇವೆ.

ಕಷ್ಟ ಇಲ್ಲ ಅಂತಲ್ಲ. ಆ ವರ್ಷ ಪುಸ್ತಕಕ್ಕಾಗಿ ಎರಡು ಅಂಗಡಿ ಸುತ್ತಿದೆ. ಎರಡರಲ್ಲೂ "ಮುಂದಿನ ವಾರ ಬನ್ನಿ ಮೇಡಂ" ಅಂದರು. ಕೊನೆಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿಕೊಂಡೆ. ಬೇಕಾದ ಪಾಠಗಳನ್ನಷ್ಟೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ಜುಲೈನಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ, ಜ್ವರ. ರಂಗನತಿಟ್ಟು ಪಕ್ಷಿಧಾಮದ ದೋಣಿಯನ್ನೂ ಆಗ ನಂಬಬೇಡಿ. ಕಟ್ಟೆಯಿಂದ, ಅಂದರೆ ಕೆಆರ್‌ಎಸ್ ಅಣೆಕಟ್ಟಿನಿಂದ, ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.

ಇನ್ನು ದಸರಾ. ಇದು ನಾವು ಆರಿಸಿಕೊಂಡಿದ್ದಲ್ಲ. 2024ರ ಜೂನ್‌ನಲ್ಲಿ ಅತ್ತೆಗೆ ಮಂಡಿ ಆಪರೇಷನ್ ಆಯಿತು. ಮಕ್ಕಳು ಎರಡು ತಿಂಗಳು ನನ್ನ ತವರಿನಲ್ಲಿದ್ದರು. ಆಮೇಲೆ ಅತ್ತೆಯೇ ಹೇಳಿದರು, "ಹೆಂಗಿದ್ರೂ ವಿಜಯದಶಮಿಗೆ ಅಕ್ಷರಾಭ್ಯಾಸ ಮಾಡಿಸ್ತಾರಲ್ಲ, ಅವತ್ತೇ ಶುರು ಮಾಡು." ಮಾತು ಹಿಡಿಸಿತು. ಇವರಿಗೂ ಖುಷಿ. ಜುಲೈ ಬಂದರೆ ರಿಟರ್ನ್ಸ್, ಸೆಪ್ಟೆಂಬರ್ ಬಂದರೆ ಆಡಿಟ್. ದಸರಾ ಕಳೆದರೆ ಸಂಜೆ ವಿಜ್ಞಾನ ಹೇಳಿಕೊಡಲು ಪುರುಸೊತ್ತು ಸಿಗುತ್ತದೆ.

ಆ ವರ್ಷ ಜುಲೈನಲ್ಲೇ ಕಟ್ಟೆ ತುಂಬಿತ್ತು. ಹಿಂದಿನ ವರ್ಷ ಬರ. ಆಗ ಗದ್ದೆ ಪಾಳು ಬಿದ್ದಿದ್ದನ್ನು ಮಕ್ಕಳು ನೋಡಿದ್ದರು. ಈಗ ನಾಲೆಯಲ್ಲಿ ನೀರು. ಅವರು ತಾತನ ಹಿಂದೆ ಗದ್ದೆಗೆ ಹೋದರು. ಒಟ್ಟಲು (ಭತ್ತದ ಸಸಿ ಮಡಿ) ಕಿತ್ತು, ಕಟ್ಟು ಕಟ್ಟಿ, ನಾಟಿ ಮಾಡುವುದನ್ನು ನೋಡಿದರು. ಎಕರೆಗೆ ನಲವತ್ತು ಗುಂಟೆ ಅಂತ ಮಗಳು ಅಲ್ಲೇ ಕಲಿತಳು. ತಾತನ ಹದಿನೆಂಟು ಗುಂಟೆ ಅರ್ಧ ಎಕರೆಗೆ ಎಷ್ಟು ಕಡಿಮೆ ಅಂತ ನನಗೇ ಕೇಳಿದಳು. ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಅನ್ನುವುದು ಮಗನಿಗೆ ಬಾಯಿಪಾಠ. ಊರಿನಲ್ಲಿ ಬೆಳಿಗ್ಗೆ ಎದ್ದರೆ ಎಲ್ಲರ ಬಾಯಲ್ಲೂ ಅದೇ ಮಾತು. ದಶಮಾಂಶದ ಚುಕ್ಕೆಯನ್ನು ಅವನಿಗೆ ನಾನು ಕಲಿಸಲೇ ಇಲ್ಲ.

ಹಾಗಂತ ಎಲ್ಲ ಲಾಭವಲ್ಲ. ಫೆಬ್ರವರಿಯಲ್ಲಿ ಪುಸ್ತಕ ಮುಚ್ಚಿದ್ದು. ಎಂಟು ತಿಂಗಳಾದ ಮೇಲೆ ತೆರೆದಾಗ ಮಗಳಿಗೆ ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳುವುದೇ ಮರೆತಿತ್ತು. ಮಗನ ಒತ್ತಕ್ಷರಗಳೆಲ್ಲ ಕೈಕೊಟ್ಟಿದ್ದವು. ಮೂರು ವಾರ ಹಳೆಯದನ್ನೇ ತಿರುವಿ ಹಾಕಿದೆವು.

ಅಕ್ಟೋಬರ್ 12, ಶನಿವಾರ ಜಂಬೂಸವಾರಿ. 14ರ ಸೋಮವಾರ ಪಾಠ ಅಂತ ಗೊತ್ತು ಮಾಡಿದ್ದೆ. ಆದರೆ ಶಾಲೆಗಳ ದಸರಾ ರಜೆ ಇನ್ನೂ ಒಂದು ವಾರ ಬಾಕಿ ಇತ್ತು. ಬೀದಿ ತುಂಬ ಮಕ್ಕಳು. ಏಪ್ರಿಲ್‌ನ ಕಥೆಯೇ ಮತ್ತೆ. ಆ ವಾರ ಕಳೆದು ಹತ್ತು ದಿನಕ್ಕೆ ದೀಪಾವಳಿ. ಮುಂದೆ ನವೆಂಬರ್‌ನಿಂದ ಫೆಬ್ರವರಿ ಮಾತ್ರ ಬಂಗಾರದಂಥ ದಿನಗಳು. ಬಿಸಿಲೂ ಹಿತ, ಮಳೆಯೂ ಇಲ್ಲ. ಸೋಮನಾಥಪುರಕ್ಕೆ ಹೋಗಿ ಹದಿಮೂರನೇ ಶತಮಾನದ ದೇವಸ್ಥಾನದ ಗೋಡೆಯಲ್ಲಿ ಆನೆ ಸಾಲು, ಕುದುರೆ ಸಾಲು ಎಣಿಸಿದೆವು. ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಎರಡು ಸಲ ಹೋದೆವು. ಎರಡನೇ ಸಲ ಹೋಗಿದ್ದು ಹಪ್ಪಳಕ್ಕೆ, ಓದಿಗಲ್ಲ. ಆದರೆ ಏಪ್ರಿಲ್ ಬರುವ ಹೊತ್ತಿಗೆ ನಮ್ಮ ವರ್ಷ ಅರ್ಧಕ್ಕೆ ನಿಂತಿತ್ತು. ಬೀದಿಗೆಲ್ಲ ರಜೆ, ನಮಗೆ ಭಿನ್ನರಾಶಿ.

ಇನ್ನೊಂದು ಸಣ್ಣ ವಿಷಯ. ದಸರಾದಿಂದ ಶುರು ಮಾಡಿದರೆ "ಯಾವ್ ಕ್ಲಾಸ್ ಪುಟ್ಟಿ?" ಅಂದವರಿಗೆ ಮಗು ತೊದಲುತ್ತದೆ. ನನಗೆ ಅದು ದೊಡ್ಡದಲ್ಲ ಅನ್ನಿಸಿತ್ತು. ಮಗಳಿಗೆ ದೊಡ್ಡದೇ ಆಗಿತ್ತು. ಮುಂದೆ ಶಾಲೆಗೆ ಸೇರಿಸುವ ಯೋಚನೆ ಇದ್ದವರಿಗಂತೂ ಜೂನ್ ವರ್ಷವೇ ಸುಲಭ, ಪಕ್ಕದ ಮನೆಯ ಮಗುವಿನ ಜೊತೆಜೊತೆಗೇ ತರಗತಿ ಹೋಗುತ್ತದೆ.

ದೊಡ್ಡ ಮಕ್ಕಳಿದ್ದರೆ ಲೆಕ್ಕ ಬೇರೆ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿಗೆ ಕಟ್ಟಲು ಹದಿನಾಲ್ಕು ತುಂಬಿರಬೇಕು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಆಗ ಪರೀಕ್ಷೆಯಿಂದ ಹಿಂದಕ್ಕೆ ಎಣಿಸಿ ಶುರು ಮಾಡಬೇಕಾಗುತ್ತದೆ. ನಮಗೆ ಇನ್ನೂ ಸಮಯ ಇದೆ.

2025ರಲ್ಲಿ ಜೂನ್ 9ಕ್ಕೆ ಕೂತೆವು. ಮೊದಲ ದಿನವೇ ಎಲ್ಲ ವಿಷಯ ತೆಗೆಯಲಿಲ್ಲ. ದಸರಾ ತನಕ ಗಣಿತ, ಕನ್ನಡ, ಇಂಗ್ಲಿಷ್ ಅಷ್ಟೇ. ದಿನಕ್ಕೆ ಎರಡು ಗಂಟೆ, ಕೊನೆಯ ವ್ಯಾನ್ ಹೋದ ಮೇಲೆ. ಆ ವರ್ಷ ಕಟ್ಟೆ ಜೂನ್‌ನಲ್ಲೇ ತುಂಬಿ, 30ಕ್ಕೆ ಮುಖ್ಯಮಂತ್ರಿ ಬಾಗಿನ ಕೊಟ್ಟರು. ಜೂನ್‌ನಲ್ಲಿ ಬಾಗಿನ ಕೊಟ್ಟಿದ್ದು ಅದೇ ಮೊದಲು. ಹಾಗಾಗಿ "ಈ ಸಲ ನಾಟಿಗೆ ಬರ್ತೀರಾ?" ಅಂತ ತಾತನ ಫೋನೂ ಬೇಗ ಬಂತು. ಒಂದು ವಾರ ಪುಸ್ತಕ ಮುಚ್ಚಿ ಹೋದೆವು. ವಿಜ್ಞಾನ, ಚರಿತ್ರೆ ಎರಡನ್ನೂ ದೀಪಾವಳಿ ಆದ ಮೇಲೆ ಶುರು ಮಾಡಿದೆವು. ಆಗ ಇವರೂ ಸಂಜೆ ಬೇಗ ಮನೆಗೆ ಬರುತ್ತಾರೆ, ತಿರುಗಾಡಲೂ ಹಿತ.

ಏಪ್ರಿಲ್‌ನಿಂದ ಉಳಿಸಿಕೊಂಡಿದ್ದು ಒಂದೇ. ಮಾರ್ಚ್ ಕೊನೆಗೆ ಎದುರು ಮನೆಯ ಹುಡುಗಿಯ ಪುಸ್ತಕಗಳನ್ನು ಈಗಲೂ ಕೇಳಿ ತರುತ್ತೇನೆ. ತಂದವು ಜೂನ್ ತನಕ ಅಟ್ಟದ ಮೇಲೇ ಇರುತ್ತವೆ. ಮಗಳು ಮಾತ್ರ ಸ್ಟೂಲ್ ಹಾಕಿ ಹತ್ತಿ, ಕನ್ನಡ ಪುಸ್ತಕದ ಕಥೆಗಳನ್ನೆಲ್ಲ ಮೇ ತಿಂಗಳಲ್ಲೇ ಓದಿ ಮುಗಿಸಿರುತ್ತಾಳೆ. ನೋಡಿಯೂ ನೋಡದ ಹಾಗೆ ಇದ್ದುಬಿಡುತ್ತೇನೆ.