ಹಳೇ ಹೋಂಡಾ ಸಿಟಿ ವಿಟೆಕ್ ಕಾರಿಗೆ ಯಾವ ಗ್ಯಾರೇಜು? ಮೂರೂ ಕಡೆ ಗಾಡಿ ಬಿಟ್ಟು ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷ ದಾಟಿದ ಪೆಟ್ರೋಲ್ ಕಾರನ್ನು ಓಡಿಸುವ ಮಜಾಕ್ಕೇ ಇಟ್ಟುಕೊಂಡಿದ್ದರೆ, ಒಬ್ಬ ಮೆಕ್ಯಾನಿಕ್, ಇಬ್ಬರು ಹುಡುಗರು ಇರುವ ಸಣ್ಣ ಗ್ಯಾರೇಜೇ ಸರಿ. ಕಂಪನಿ ಸರ್ವಿಸ್ ಸೆಂಟರ್ ಎರಡನೆಯದು. ಆಪ್‌ನಲ್ಲಿ ಬುಕ್ ಮಾಡಿದರೆ ಮನೆ ಬಾಗಿಲಿಗೇ ಬಂದು ಗಾಡಿ ಒಯ್ಯುವ ಮಲ್ಟಿ ಬ್ರ್ಯಾಂಡ್ ವರ್ಕ್‌ಶಾಪ್ ಕೊನೆಯದು. ಯಾಕೆ ಕೊನೆ ಅನ್ನೋದನ್ನು ಹೇಳುವುದಕ್ಕೇ ಇಲ್ಲಿ ಜಾಸ್ತಿ ಜಾಗ ಬೇಕು.

ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. ನಾಲ್ಕು ಬಾಗಿಲು, ಹಿಂದೆ ದೊಡ್ಡ ಡಿಕ್ಕಿ, ಇದ್ಯಾವ ಸೀಮೆ ಸ್ಪೋರ್ಟ್ಸ್ ಕಾರು ಅಂತ ನಮ್ಮ ಭಾವನೇ ನಕ್ಕಿದ್ದರು. ಬೆಂಗಳೂರಿನ ನೈಸ್ ರೋಡಿನಲ್ಲಿ ಒಂದು ಸಲ ಕೂರಿಸಿಕೊಂಡು ಹೋದ ಮೇಲೆ ಆ ಮಾತು ಎತ್ತಿಲ್ಲ. ಒಂದು ಟನ್ನಿನ ಆಸುಪಾಸು ತೂಕ, 106 ಎಚ್‌ಪಿ. ಆರ್‌ಪಿಎಂ ಮೇಲಕ್ಕೆ ಹೋದಾಗ ಎಣ್ಣೆಯ ಒತ್ತಡಕ್ಕೆ ಒಂದು ಪಿನ್ ಸರಿದು, ವಾಲ್ವ್‌ಗಳನ್ನು ಒತ್ತಿ ತೆರೆಯುವ ರಾಕರ್ ಆರ್ಮ್‌ಗಳನ್ನು ಜೋಡಿಸುತ್ತದೆ, ವಿಟೆಕ್ ಅಂದರೆ ಇದೇ. ವಾಲ್ವ್‌ಗಳು ಆಗ ಜಾಸ್ತಿ ತೆರೆದುಕೊಳ್ಳುತ್ತವೆ, ಎಂಜಿನ್ನಿನ ದನಿಯೇ ಬದಲಾಗುತ್ತದೆ. 2003ರಲ್ಲಿ ಇದರ ಜಾಗಕ್ಕೆ ಬಂದ ಹೊಸ ಸಿಟಿಗೆ ಮೊದಲು ಕೊಟ್ಟಿದ್ದು 77 ಎಚ್‌ಪಿ ಎಂಜಿನ್. ಮೈಲೇಜ್ ಬಂತು, ಹುಚ್ಚು ಹೋಯಿತು. ಅದಕ್ಕೇ ಹಳೆಯದರ ಮೇಲೆ ಇಷ್ಟು ಪ್ರೀತಿ.

ಈ ಗಾಡಿ ಹೋಂಡಾ ಅಂತ ಗಟ್ಟಿಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟು ವಯಸ್ಸಾದ ಮೇಲೆ ಕೆಡುವುದು ಎಂಜಿನ್ ಅಲ್ಲ. ರಬ್ಬರು, ಪ್ಲಾಸ್ಟಿಕ್ಕು, ವೈರು, ಬೆಸುಗೆ. ಇವು ಒಂದೊಂದೇ ಕೈಕೊಡುತ್ತವೆ, ಅದೂ ತಮಗೆ ಬೇಕಾದಾಗ ಮಾತ್ರ. ಹಾಗಾಗಿ ಪಾರ್ಟ್ ಎಲ್ಲಿ ಸಿಗುತ್ತೆ ಅನ್ನೋದಕ್ಕಿಂತ, ಏನು ಕೆಟ್ಟಿದೆ ಅಂತ ಯಾರು ಕಂಡುಹಿಡಿಯುತ್ತಾರೆ ಅನ್ನೋದೇ ದೊಡ್ಡ ವಿಷಯ.

ನನ್ನನ್ನು ಗೋಳಾಡಿಸಿದ್ದು ಇದು. ಬೆಳಿಗ್ಗೆ ಗಾಡಿ ಒಂದೇ ಕೀಲಿಗೆ ಸ್ಟಾರ್ಟ್. ಮಾರ್ಚ್ ತಿಂಗಳ ಮಧ್ಯಾಹ್ನ ಗಾಂಧಿ ಬಜಾರಿನಲ್ಲಿ ಬಿಸಿಲಿಗೆ ನಿಲ್ಲಿಸಿ, ಊಟ ಮುಗಿಸಿ ಬಂದರೆ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹತ್ತುವುದಿಲ್ಲ. ಬ್ಯಾಟರಿ ಚೆನ್ನಾಗಿದೆ, ಪೆಟ್ರೋಲ್ ಇದೆ. ಹಿಂದಿನ ಗಾಡಿಯವರು ಹಾರ್ನ್ ಮಾಡುತ್ತಾರೆ, ಹೂವಿನವರು ಸಲಹೆ ಕೊಡುತ್ತಾರೆ. ಕಿಟಕಿ ಇಳಿಸಿ ಒಂದು ಕಾಫಿ ಕುಡಿದು ಬಂದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗುತ್ತದೆ. ಮಳೆಗಾಲದಲ್ಲಿ ಈ ತೊಂದರೆಯೇ ಇಲ್ಲ.

ಮನೆಗೆ ಹತ್ತಿರ, ಆಫರ್ ಬೇರೆ ಇತ್ತು ಅಂತ ಮೊದಲು ಆಪ್‌ನವರಿಗೆ ಕೊಟ್ಟೆ. ಹೆಸರು ಬೇಡ. ಗಾಡಿಯನ್ನು ಟ್ರಕ್ ಮೇಲೆ ಹೇರಿಕೊಂಡು ಹೋದರು. ಅವರ ಶೆಡ್ ತಲುಪುವ ಹೊತ್ತಿಗೆ ಸಂಜೆ, ಗಾಡಿ ತಣ್ಣಗಾಗಿತ್ತು. ಸ್ಟಾರ್ಟ್ ಆಯಿತು. ಮೊಬೈಲಿಗೆ ಬಣ್ಣಬಣ್ಣದ ರಿಪೋರ್ಟ್ ಬಂತು: ಬ್ಯಾಟರಿ ಹಸಿರು, ಟೈರ್ ಹಸಿರು, ವೈಪರ್ ಬ್ಲೇಡ್ ಹಳದಿ. ಸ್ಟಾರ್ಟಿಂಗ್ ಬಗ್ಗೆ ಒಂದು ಅಕ್ಷರ ಇಲ್ಲ. ಫೋನ್ ಮಾಡಿ ಕೇಳಿದರೆ, 'ಸ್ಕ್ಯಾನರ್ ಕನೆಕ್ಟ್ ಆಗ್ತಿಲ್ಲ ಸರ್, ತುಂಬಾ ಓಲ್ಡ್ ಮಾಡೆಲ್' ಅಂದ ಹುಡುಗ. ಪಾಪ, ಅವನದೇನೂ ತಪ್ಪಿಲ್ಲ. ಆ ಕಾಲದ ಹೋಂಡಾಗಳಲ್ಲಿ ಸ್ಕ್ಯಾನರ್ ಬೇಕಾಗಿಯೂ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಎರಡು ಪಿನ್ನಿನ ಒಂದು ಕನೆಕ್ಟರ್ ಇರುತ್ತದೆ. ಅದನ್ನು ಒಂದು ತುಂಡು ವೈರಿನಿಂದ ಸೇರಿಸಿ ಕೀ ಆನ್ ಮಾಡಿದರೆ ಚೆಕ್ ಎಂಜಿನ್ ದೀಪವೇ ಮಿಣುಕಿ ಕೋಡ್ ಹೇಳುತ್ತದೆ. ಉದ್ದ ಮಿಣುಕು ಅಂದರೆ ಹತ್ತು, ಗಿಡ್ಡದು ಅಂದರೆ ಒಂದು. ಸುಮ್ನೆ ಕೂತು ಎಣಿಸಬೇಕು, ಅಷ್ಟೇ.

ಆಪ್‌ನವರು ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದರು. ವಾರದಲ್ಲಿ ಮತ್ತೆ ಅದೇ ಕಥೆ. ಆಮೇಲೆ ಫ್ಯೂಯೆಲ್ ಪಂಪ್ ಹೋಗಿದೆ ಅಂದರು. ಹಿಂದಿನ ಸೀಟು ಬಿಚ್ಚಿ ಹೊಸ ಪಂಪ್ ಹಾಕಿದರು. ಬಿಲ್ಲು ಹತ್ತು ಸಾವಿರದ ಮೇಲೆ. ಹಳೇ ಪಂಪ್ ಕೊಡಿ ಅಂದರೆ ಅದು ಸಿಗಲಿಲ್ಲ. ಹೊಸ ಪಂಪ್ ಹಾಕಿಸಿಕೊಂಡ ಗಾಡಿ ಏಪ್ರಿಲ್ ಬಿಸಿಲಿಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಮತ್ತೆ ಮುಷ್ಕರ ಹೂಡಿತು. ಅವರ ಕೆಲಸದ ಪದ್ಧತಿಯೇ ಹಾಗಿದೆ. ಗಾಡಿ ಬೆಳಿಗ್ಗೆ ಬಂದು ಸಂಜೆಗೆ ಹೋಗಬೇಕು. ಬಿಸಿಲಿಗೆ ಮಾತ್ರ ಬರುವ ಕಾಯಿಲೆಗಾಗಿ ಕಾಯುವ ಪುರುಸೊತ್ತು ಯಾರಿಗೂ ಇಲ್ಲ. ಅನುಮಾನ ಇರುವ ಪಾರ್ಟನ್ನು ಬದಲಾಯಿಸುವುದು, ಬಿಲ್ ಮಾಡುವುದು. ನಾಲ್ಕೈದು ವರ್ಷದ ಗಾಡಿಗೆ ಇದು ನಡೆದೀತು.

ವಿಲ್ಸನ್ ಗಾರ್ಡನ್‌ನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಮೆಕ್ಯಾನಿಕ್ ಭಾಯ್ ಅವರ ಸಣ್ಣ ಗ್ಯಾರೇಜು. ಒಂದೇ ಶಟರ್, ಹೊರಗೆ ಹೊಂಗೆ ಮರ, ಮರದ ಕೆಳಗೆ ಯಾವಾಗಲೂ ಬಾನೆಟ್ ತೆಗೆದ ಒಂದು ಹಳೇ ಎಸ್ಟೀಮ್ ಕಾರು. ನಾನು ಕಥೆ ಹೇಳಿ ಮುಗಿಸುವ ಮೊದಲೇ ಅವರು, 'ಬಿಸಿಲಲ್ಲಿ ಮಾತ್ರ ಅಲ್ವಾ ಸಾರ್? ಬಿಟ್ಟೋಗಿ, ಎರಡು ಗಂಟೆಗೆ ಬನ್ನಿ' ಅಂದರು. ಎರಡು ಗಂಟೆಗೆ ಹೋದರೆ ಗಾಡಿಯನ್ನು ಮರದ ನೆರಳಿಂದ ತೆಗೆದು, ಕಿಟಕಿ ಎಲ್ಲ ಏರಿಸಿ, ಬೇಕಂತಲೇ ಬಿಸಿಲಿಗೆ ಹಾಕಿದ್ದರು. ಒಳಗೆ ಕೂತು ಕೀ ಆನ್‌ಗೆ ತಿರುಗಿಸಿ, ಸೆಲ್ಫ್ ಹೊಡೆಯದೆ ಹಾಗೇ ಕಿವಿಗೊಟ್ಟು ಕೂತರು. ಈ ಗಾಡಿಯಲ್ಲಿ ಕೀ ಆನ್ ಮಾಡಿದ ತಕ್ಷಣ ಫ್ಯೂಯೆಲ್ ಪಂಪ್ ಎರಡು ಸೆಕೆಂಡ್ ಗುಂಯ್ ಅಂದು ನಿಲ್ಲಬೇಕು. ಅನ್ನಲಿಲ್ಲ. 'ಪಂಪು ಮಾತಾಡ್ತಿಲ್ಲ ಸಾರ್. ಪಂಪಿಗೆ ಕರೆಂಟೇ ಹೋಗ್ತಿಲ್ಲ.'

ಸ್ಟೀರಿಂಗ್ ಕೆಳಗೆ ಕೈ ತೂರಿಸಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಒಂದು ಡಬ್ಬಿ ಬಿಚ್ಚಿ ತೆಗೆದರು. ಅದು ಮೇನ್ ರಿಲೇ. ಒಳಗೆ ಎರಡು ರಿಲೇ, ಅಂದರೆ ಕರೆಂಟಿನಿಂದಲೇ ನಡೆಯುವ ಸ್ವಿಚ್ಚು. ಒಂದು ಎಂಜಿನ್ ಕಂಪ್ಯೂಟರಿಗೂ ಇಂಜೆಕ್ಟರ್‌ಗಳಿಗೂ ಕರೆಂಟ್ ಕೊಡುತ್ತದೆ, ಇನ್ನೊಂದು ಪಂಪಿಗೆ. ಮುಚ್ಚಳ ತೆಗೆದು ಬೋರ್ಡನ್ನು ತಿರುವಿ ಬೆಳಕಿಗೆ ಹಿಡಿದರೆ, ಒಂದು ಪಿನ್ನಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ. ಅದೇ ಬಿರುಕು. ಕಾರಿನೊಳಗೆ ಕಾವು ಏರಿದಾಗ ಲೋಹ ಹಿಗ್ಗಿ ಬಿರುಕು ಬಾಯಿ ಬಿಡುತ್ತದೆ, ಕರೆಂಟ್ ನಿಲ್ಲುತ್ತದೆ. ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ಇಪ್ಪತ್ತು ಬೇಸಿಗೆ ಕಂಡ ಬೆಸುಗೆ ಇಷ್ಟು ದಿನ ತಡೆದಿದ್ದೇ ಹೆಚ್ಚು. ತೊಂಬತ್ತರ ದಶಕದ ಹೋಂಡಾ ಇಟ್ಟುಕೊಂಡವರಿಗೆ ದೇಶ ವಿದೇಶದಲ್ಲೆಲ್ಲ ಇದು ಗೊತ್ತಿರುವ ವಿಷಯ.

ಪಕ್ಕದ ಟಿವಿ ರಿಪೇರಿ ಅಂಗಡಿಯಲ್ಲಿ ಹಳೇ ಸೀಸ ತೆಗೆದು ಹೊಸದಾಗಿ ಬೆಸುಗೆ ಹಾಕಿಸಿದರು. ಮತ್ತೆ ಬಿಸಿಲಲ್ಲೇ ಕೂತು ಕೀ ತಿರುಗಿಸಿದರು. ಗುಂಯ್. ನಾನು ಕೊಟ್ಟಿದ್ದು ಐನೂರು ರೂಪಾಯಿ, ಅದರಲ್ಲಿ ನೂರು ಟಿವಿ ಅಂಗಡಿಗೆ ಹೋಯಿತು. ಆಮೇಲೆ ಆ ತೊಂದರೆ ಬಂದಿಲ್ಲ.

ಇಷ್ಟು ಓದಿ ಕಂಪನಿ ಸರ್ವಿಸ್ ಸೆಂಟರ್ ಯಾಕೆ ಬೇಕು ಅನ್ನಿಸಬಹುದು. ಬೇಕು, ವಾಲ್ವ್ ಮತ್ತು ಪಿಸ್ಟನ್ನಿನ ತಾಳ ತಪ್ಪದ ಹಾಗೆ ನೋಡುವ ಟೈಮಿಂಗ್ ಬೆಲ್ಟಿಗೆ. ಈ ಎಂಜಿನ್ನಿನಲ್ಲಿ ಚೈನ್ ಇಲ್ಲ, ಬೆಲ್ಟ್. ಓಡುವಾಗ ಹರಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು, ಅಲ್ಲಿಗೆ ಎಂಜಿನ್ ಕಥೆ ಮುಗಿದ ಹಾಗೆ. ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುವುದರಿಂದ ಎರಡನ್ನೂ ಒಟ್ಟಿಗೇ ಬದಲಾಯಿಸುವುದು ಜಾಣತನ. ಜೊತೆಗೆ ಒಂದು ವಿಚಿತ್ರ ಇದೆ. ಹೆಚ್ಚಿನ ಎಂಜಿನ್‌ಗಳು ಗಡಿಯಾರದ ದಿಕ್ಕಿಗೆ ತಿರುಗಿದರೆ, ಆ ಕಾಲದ ಈ ಹೋಂಡಾ ಎಂಜಿನ್ ಉಲ್ಟಾ ತಿರುಗುತ್ತದೆ. ಹೊಸ ಬೆಲ್ಟ್ ಹಾಕಿದ ಮೇಲೆ ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕನ್ನು ಅದೇ ಉಲ್ಟಾ ದಿಕ್ಕಿಗೆ, ಮೇಲಿನ ಕ್ಯಾಮ್ ಪುಲ್ಲಿಯ ಮೂರು ಹಲ್ಲಿನಷ್ಟು ತಿರುಗಿಸಿ, ಆಮೇಲೆ ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ನ ಬೋಲ್ಟ್ ಬಿಗಿ ಮಾಡಬೇಕು. ಬೇರೆ ಎಂಜಿನ್‌ಗಳಿಗೆ ಕೈ ಪಳಗಿದವರು ಅಭ್ಯಾಸಬಲದಿಂದ ಬಲಕ್ಕೆ ತಿರುಗಿಸಿಬಿಡುತ್ತಾರೆ. ಕಂಪನಿಯಲ್ಲಿ ಪುಸ್ತಕ ಇದೆ, ಟಾರ್ಕ್ ವ್ರೆಂಚ್ ಇದೆ, ಬಿಲ್ ಇದೆ. ಭಾಯ್ ಕೂಡ ಮಾಡುತ್ತಾರೆ, ಆದರೆ ಅವರೇ ಒಂದು ಸಲ 'ಬೆಲ್ಟ್ ಕಂಪನೀಲೇ ಮಾಡಿಸಿ ಸಾರ್, ನಿಮಗೂ ನಿದ್ದೆ ಬರುತ್ತೆ' ಅಂದರು.

ಕಂಪನಿಯಲ್ಲಿ ಉಳಿದ ಕೆಲಸಕ್ಕೆ ರೇಟು ಜಾಸ್ತಿ. ಅಲ್ಲಿಯ ಹುಡುಗರಲ್ಲಿ ಹಲವರು ಈ ಗಾಡಿಗಿಂತ ಚಿಕ್ಕವರು. ಕಾಫಿ ಮಾತ್ರ ಚೆನ್ನಾಗಿರುತ್ತದೆ.

ಟ್ಯಾಪೆಟ್, ಅಂದರೆ ವಾಲ್ವ್ ಸಂದು ಹೊಂದಿಸುವ ಕೆಲಸ, ಅದರ ವಿಷಯ ಬೇರೆ. ಈ ಎಂಜಿನ್ನಿನ ವಾಲ್ವ್ ಕ್ಲಿಯರೆನ್ಸ್ ತಾನಾಗಿ ಹೊಂದಿಕೊಳ್ಳುವುದಿಲ್ಲ, ಸ್ಕ್ರೂ ತಿರುಗಿಸಿ ಕೈಯಲ್ಲೇ ಹೊಂದಿಸಬೇಕು. ಅದೂ ಎಂಜಿನ್ ಪೂರ್ತಿ ತಣ್ಣಗಿರುವಾಗ. ಇನ್‌ಟೇಕ್ ಕಡೆ ಸುಮಾರು 0.2 ಮಿ.ಮೀ, ಎಗ್ಸಾಸ್ಟ್ ಕಡೆ ಸ್ವಲ್ಪ ಜಾಸ್ತಿ. ಭಾಯ್ ರಾತ್ರಿ ಗಾಡಿ ಇಟ್ಟುಕೊಂಡು ಬೆಳಿಗ್ಗೆ ಟೀಗೆ ಮೊದಲು ಈ ಕೆಲಸ ಮಾಡುತ್ತಾರೆ. ಫೀಲರ್ ಗೇಜ್ ಅನ್ನುವ ತೆಳು ಅಳತೆಪಟ್ಟಿ ತೂರಿಸಿ ಎಳೆಯುವಾಗ ಸ್ವಲ್ಪ ಹಿಡಿದು ಬಿಡಬೇಕು, ಪೂರ್ತಿ ಸಡಿಲ ಬಂದರೂ ತಪ್ಪು, ಬಿಗಿಯಾದರೂ ತಪ್ಪು. ನನ್ನ ಕೈಗೂ ಒಂದು ಸಲ ಕೊಟ್ಟು ತೋರಿಸಿದರು. ಆಪ್‌ನವರ ಮೆನುವಿನಲ್ಲಿ ಈ ಕೆಲಸವೇ ಇಲ್ಲ.

ಪಾರ್ಟ್ಸ್‌ಗೆ ಜೆ.ಸಿ. ರೋಡ್. ಎಂಜಿನ್ ಮೌಂಟಿಂಗ್, ಬುಷ್, ಹೋಸ್ ಇಂಥವನ್ನು ಒಳ್ಳೆಯದೇ ತಗೊಳ್ಳಿ. ಅಗ್ಗದ ಮೌಂಟಿಂಗ್ ಹಾಕಿದರೆ ಸಿಗ್ನಲ್ಲಿನಲ್ಲಿ ನಿಂತಾಗ ಹಲ್ಲು ಕಟಕಟ ಅನ್ನುತ್ತದೆ. ಬಾಗಿಲ ಹಿಡಿ, ಕಿಟಕಿ ಸ್ವಿಚ್ಚು, ಒಳಗಿನ ಪ್ಲಾಸ್ಟಿಕ್ಕು ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು, ಚೌಕಾಸಿ ಬರಬೇಕು. ಆಪ್‌ನವರು ಪಾರ್ಟ್ ಎಲ್ಲಿಂದ ತರುತ್ತಾರೆ ಅಂತ ಕೇಳಿದರೆ 'ವೆಂಡರ್' ಅನ್ನುತ್ತಾರೆ.

ಈಗ ಇನ್ನೊಂದು ಹೊಸ ತಲೆನೋವು, ಇ20 ಪೆಟ್ರೋಲ್. ಶೇ. 20 ಎಥನಾಲ್ ಬೆರೆತ ಈ ಪೆಟ್ರೋಲ್ 2025ರ ಹೊತ್ತಿಗೆ ಬಂಕುಗಳಲ್ಲಿ ಮಾಮೂಲಾಯಿತು. 2002ರ ಗಾಡಿಯ ರಬ್ಬರ್ ಪೈಪುಗಳನ್ನು ಇದಕ್ಕೆ ಅಂತ ಮಾಡಿದ್ದಲ್ಲ. ಭಾಯ್ ಸಲಹೆ ಮೇಲೆ ಹಳೇ ಫ್ಯೂಯೆಲ್ ಹೋಸ್‌ಗಳನ್ನು ಮೊದಲೇ ಬದಲಾಯಿಸಿದೆ, ಬಿಚ್ಚಿದ ಒಂದೆರಡನ್ನು ಬಗ್ಗಿಸಿದರೆ ಮೇಲೆಲ್ಲ ಸೀಳು ಕಾಣುತ್ತಿತ್ತು. 100 ಆಕ್ಟೇನ್‌ನ ದುಬಾರಿ ಪೆಟ್ರೋಲ್ ಹಾಕಿ ಅನ್ನುವವರೂ ಇದ್ದಾರೆ. ನನ್ನ ಜೇಬಿಗೆ ಅದು ಆಗದ ಮಾತು, ಈ ಎಂಜಿನ್ನಿಗೆ ಅದರ ಅಗತ್ಯವೂ ಇಲ್ಲ.

ಕಾಗದಪತ್ರದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ದೆಹಲಿಯಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ 2018ರ ಸುಪ್ರೀಂ ಕೋರ್ಟ್ ಆದೇಶದ ಕತ್ತಿ ತೂಗಿತು. ನಮ್ಮಲ್ಲಿ ಹಾಗಿಲ್ಲ, ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡು ಓಡಿಸಬಹುದು. ಆದರೆ 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಇಪ್ಪತ್ತು ದಾಟಿದ ಗಾಡಿಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ಮಾಡಿದರು. ಹಸಿರು ತೆರಿಗೆ ಬೇರೆ.

ಭಾಯ್ ಹತ್ತಿರ ಎಲ್ಲವೂ ಚೆಂದ ಅಂತಲ್ಲ. ನಾಳೆ ಅಂದರೆ ನಾಡಿದ್ದು. ಫೋನ್ ಎತ್ತುವುದಿಲ್ಲ, ಎತ್ತಿದರೂ ಪಕ್ಕದಲ್ಲಿ ಯಾವುದೋ ಬುಲೆಟ್ ರೇಸ್ ಆಗುತ್ತಿರುತ್ತದೆ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಶಟರ್ ಎಳೆದಿರುತ್ತದೆ, ಅದು ಗೊತ್ತಿರಬೇಕು. ಎಸಿ ಕೆಲಸ ಮುಟ್ಟುವುದಿಲ್ಲ. ಬಿಲ್ ಅಂದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದ ನಾಲ್ಕು ಅಂಕಿ, ಅದಕ್ಕೇ ನಾನೇ ಒಂದು ಡೈರಿ ಇಟ್ಟಿದ್ದೇನೆ. ಮುಂದೆ ಗಾಡಿ ಮಾರುವ ಯೋಚನೆ ಇರುವವರಿಗೆ ಕಂಪನಿಯ ಸರ್ವಿಸ್ ದಾಖಲೆಯೇ ಬೆಲೆ ತರುತ್ತದೆ. ನನಗೆ ಮಾರುವ ಯೋಚನೆ ಇಲ್ಲ.

ನನಗೆ ಇದು ಒಗ್ಗುವುದಕ್ಕೆ ಕಾರಣವೂ ಇದೆ. ಆಫೀಸಿಗೆ ನಾನು ಮೆಟ್ರೋದಲ್ಲಿ ಹೋಗುತ್ತೇನೆ. ಗಾಡಿ ಮೂರು ದಿನ ಗ್ಯಾರೇಜಿನಲ್ಲಿ ಕೂತರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಹೆಂಡತಿಗಂತೂ ಖುಷಿಯೇ. ತಿಂಗಳಿಗೆ ಮೂರು ಸಾವಿರ ಎತ್ತಿಡುತ್ತೇನೆ, ಬೆಲ್ಟಿನ ವರ್ಷ ಬಿಟ್ಟರೆ ಅದರಲ್ಲೇ ಮುಗಿಯುತ್ತದೆ. ದಿನಾ ಇದೇ ಗಾಡಿಯಲ್ಲಿ ವೈಟ್‌ಫೀಲ್ಡಿಗೆ ಹೋಗಿ ಬರುವವರಾದರೆ, ಗ್ಯಾರೇಜಿನ ಮುಂದೆ ಸ್ಟೂಲ್ ಹಾಕಿ ಕೂರುವಷ್ಟು ಸಮಯ ಇಲ್ಲದಿದ್ದರೆ, ಕಂಪನಿ ಸೆಂಟರಿಗೇ ಹೋಗಿ. ದುಡ್ಡು ಜಾಸ್ತಿ ಹೋಗುತ್ತದೆ, ಆದರೆ ಗಾಡಿ ಹೇಳಿದ ದಿನ ಕೈಗೆ ಸಿಗುತ್ತದೆ. ಆಪ್‌ನವರಿಗೆ ನಾನೀಗ ಕೊಡುವುದು ಒಂದೇ ಕೆಲಸ, ತೊಳೆಯುವುದು. ಅದನ್ನು ಚೆನ್ನಾಗಿ ಮಾಡುತ್ತಾರೆ.